ಯಕೃತ್ತಿನ ಕೀವಿನಿಂದ ನಮ್ಮ ಮನೆಯವರನ್ನು ಉಳಿಸಿಕೊಟ್ಟವರಿಗೆ

ನಮ್ಮ ಮನೆಯವರ ಯಕೃತ್ತಿನ ಬಲಭಾಗದಲ್ಲಿ ತುಂಬಿದ್ದ ಕೀವನ್ನು ತೆಗೆದು, ಅವರು ಮತ್ತೆ ಶಾಲೆಗೆ ಹೋಗಿ ಪಾಠ ಮಾಡುವಷ್ಟು ಗುಣಪಡಿಸಿದ ಕಲಬುರಗಿಯ ವೈದ್ಯರಿಗೆ, ಸಿಸ್ಟರ್‌ಗಳಿಗೆ, ಪ್ರಯೋಗಾಲಯದ ಸಿಬ್ಬಂದಿಗೆ ಮತ್ತು ನಮ್ಮ ಓಣಿಯ ಹಿರಿಯರಿಗೆ ಇಡೀ ಕುಟುಂಬದ ಶರಣು ಶರಣಾರ್ಥಿ. ಎಲ್ಲರಿಗೂ ಬಾಯಿಮಾತಿನಲ್ಲಿ ವಂದನೆ ಸಲ್ಲಿಸಿದ್ದೇವಾದರೂ, ಯಾರು ಏನು ಮಾಡಿದ್ದರಿಂದ ಈ ಜೀವ ಉಳಿಯಿತೆಂಬುದನ್ನು ಬಿಡಿಸಿ ಬರೆಯದೆ ನನಗೆ ಸಮಾಧಾನವಿಲ್ಲ.

ಮೊದಲ ವಂದನೆ ನಮ್ಮ ಕುಟುಂಬ ವೈದ್ಯರಿಗೆ. ನಡುಕದೊಂದಿಗೆ ಬಿಟ್ಟು ಬಿಟ್ಟು ಬರುತ್ತಿದ್ದ ಜ್ವರವೊಂದನ್ನು ಬಿಟ್ಟರೆ ನಮ್ಮವರಿಗೆ ದೊಡ್ಡ ಹೊಟ್ಟೆನೋವೇನೂ ಇರಲಿಲ್ಲ. ಬಲಭುಜ ಹಿಡಿದುಕೊಂಡಂತಾಗುತ್ತದೆ ಎಂದಷ್ಟೇ ಹೇಳುತ್ತಿದ್ದರು. ಇನ್ನೊಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳುಹಿಸುವ ಬದಲು ಆ ವೈದ್ಯರು ಬಲಪಕ್ಕೆಯ ಕೆಳಗೆ ಒತ್ತಿ ನೋಡಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಲಿವರ್‌ನಲ್ಲಿ ಕೀವು ತುಂಬಿದರೂ ನೋವು ಎದ್ದು ಕಾಣದಿರಬಹುದೆಂದು ವಿವರಿಸಿ, ಅಂದೇ ಶುಗರ್ ಪರೀಕ್ಷೆಯನ್ನೂ ಹೊಟ್ಟೆಯ ಸ್ಕ್ಯಾನಿಂಗನ್ನೂ ಮಾಡಿಸಿದರು. ಎರಡನ್ನೂ ಒಟ್ಟಿಗೆ ನೋಡಿದ ಅವರ ಆ ನಿರ್ಧಾರವೇ ನಮ್ಮ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಉಪಕಾರ.

ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿದ್ದ ಚಿತ್ತಾಪುರ ಕಡೆಯ ಹಿರಿಯರಿಗೂ ಇದೇ ರೋಗವಾಗಿತ್ತು, ಆದರೆ ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಪಿತ್ತನಾಳದಲ್ಲಿ ಹರಳು ಸಿಕ್ಕಿಕೊಂಡು, ತಡೆದು ನಿಂತ ಪಿತ್ತರಸದಲ್ಲಿ ಬೆಳೆದ ಇ. ಕೋಲೈ ಬ್ಯಾಕ್ಟೀರಿಯಾ ಅವರ ಯಕೃತ್ತಿಗೆ ಏರಿತ್ತು. ನಮ್ಮವರಲ್ಲಿ ಅಂಥ ಅಡೆತಡೆ ಎಲ್ಲಿಯೂ ಕಾಣಲಿಲ್ಲ. ನಮ್ಮವರ ಕೀವಿನಲ್ಲಿ ಬೆಳೆದದ್ದು ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಾಗಿ ಸಿಗುವ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ. ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ರೋಗಾಣುವನ್ನು ನುಂಗಬೇಕಾದ ಬಿಳಿ ರಕ್ತಕಣಗಳ ಶಕ್ತಿ ಕುಂದುತ್ತದೆ, ಕರುಳಿನಲ್ಲಿರುವ ಬ್ಯಾಕ್ಟೀರಿಯಾಕ್ಕೆ ರಕ್ತದ ಮೂಲಕ ಯಕೃತ್ತಿನಲ್ಲಿ ನೆಲೆಯೂರಲು ಅದು ಅನುಕೂಲವಾಗುತ್ತದೆ ಎಂದು ತಜ್ಞರು ನನಗೆ ಚಿತ್ರ ಬರೆದು ತಿಳಿಸಿಕೊಟ್ಟರು. ಆದ್ದರಿಂದ ಆ ಹಿರಿಯರಿಗೆ ಎಂಡೋಸ್ಕೋಪಿಯಿಂದ ಹರಳು ತೆಗೆಯುವುದು ಎಷ್ಟು ಮುಖ್ಯವಾಯಿತೋ, ನಮ್ಮವರಿಗೆ ಇನ್ಸುಲಿನ್ ಅಷ್ಟೇ ಮುಖ್ಯವಾಯಿತು.

ಅಮೀಬಾದಿಂದಲೂ ಯಕೃತ್ತಿನಲ್ಲಿ ಕೀವಾಗುವುದರಿಂದ ಆರಂಭದಲ್ಲಿ ಅಮೀಬಾವನ್ನು ಕೊಲ್ಲುವ ಮೆಟ್ರೊನಿಡಜೋಲ್ ಔಷಧಿಯನ್ನೂ ಕೊಡಲಾಗಿತ್ತು. ಕಲ್ಚರ್ ಮಾಡಿ, ಅಂದರೆ ಕೀವಿನಲ್ಲಿದ್ದ ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗುರುತಿಸಿ, ಯಾವ ಔಷಧಿಗೆ ಅದು ಬಗ್ಗುತ್ತದೆಂದು ಬರೆದುಕೊಟ್ಟ ಪ್ರಯೋಗಾಲಯದವರ ಮುಖವನ್ನೂ ನಾವು ನೋಡಲಿಲ್ಲ. ಅವರಿಗೆ ವಿಶೇಷ ನಮಸ್ಕಾರ.

ಕೀವಿನ ಗಡ್ಡೆ 5 ಸೆಂಟಿಮೀಟರಿಗಿಂತ ದೊಡ್ಡದಾಗಿದ್ದುದರಿಂದ ಸ್ಕ್ಯಾನ್ ನೋಡುತ್ತಲೇ ಸಣ್ಣ ಕೊಳವೆ ಇಳಿಸಿದ ವೈದ್ಯರಿಗೂ, ಆ ಕೊಳವೆ ಕಟ್ಟಿಕೊಳ್ಳದಂತೆ ಸಲೈನಿನಿಂದ ತೊಳೆದು, ಪ್ರತಿದಿನ ಎಷ್ಟು ಕೀವು ಬಂತೆಂದು ತಪ್ಪದೆ ಬರೆದಿಟ್ಟ ಸಿಸ್ಟರ್‌ಗಳಿಗೂ ನಾವು ಋಣಿಗಳು. ಬೆಳಗಾದರೆ ಬಂದು “ಸರ್, ಕಣ್ಣು ಮಂಜಾಗಿದೆಯೇ?” ಎಂದು ಕೇಳುತ್ತಿದ್ದ ಕಿರಿಯ ವೈದ್ಯೆಯನ್ನು ಮರೆಯಲಾರೆ. ಲಿವರ್ ರೋಗಿಯ ಕಣ್ಣನ್ನು ಏಕೆ ವಿಚಾರಿಸುತ್ತೀರಮ್ಮ ಎಂದು ಕೇಳಿದಾಗ, ಕ್ಲೆಬ್ಸಿಯೆಲ್ಲಾ ರಕ್ತದಲ್ಲಿ ಹರಿದು ಕಣ್ಣಿನೊಳಗೂ ಸೋಂಕು ಮಾಡಬಲ್ಲದು, ತಡವಾದರೆ ದೃಷ್ಟಿಯೇ ಹೋಗುತ್ತದೆ ಎಂದರು. ನಮ್ಮವರ ಕಣ್ಣು ಚೆನ್ನಾಗಿವೆ.

ಓಣಿಯ ಕಾಕಾ ರಾತ್ರಿಯೆಲ್ಲ ಕಾವಲಿದ್ದರು. ನಮ್ಮ ವೈನಿ ಜೋಳದ ರೊಟ್ಟಿ, ಪಲ್ಯವನ್ನು ಹೊತ್ತಿಗೆ ಸರಿಯಾಗಿ ಕಳಿಸಿದರು. ಶಾಲೆಯ ಸಹೋದ್ಯೋಗಿಗಳು ತರಗತಿಗಳನ್ನು ಹಂಚಿಕೊಂಡರು.

ನಾಲ್ಕರಿಂದ ಆರು ವಾರಗಳ ಆ್ಯಂಟಿಬಯಾಟಿಕ್ ಚಿಕಿತ್ಸೆಯಲ್ಲಿ ಜ್ವರ ಇಳಿದ ಮೇಲೂ ಒಂದು ಗುಳಿಗೆಯನ್ನೂ ಬಿಡಬಾರದೆಂದು ಫೋನ್ ಮಾಡಿ ನೆನಪಿಸಿದ ಔಷಧಿ ಅಂಗಡಿಯ ತಮ್ಮನಿಗೂ ವಂದನೆಗಳು. ಸ್ಕ್ಯಾನಿನಲ್ಲಿ ಈಗಲೂ ಚಿಕ್ಕ ಗುರುತೊಂದು ಕಾಣುತ್ತದೆ. ಅದು ಮಾಯಲು ತಿಂಗಳುಗಳೇ ಹಿಡಿಯಬಹುದು, ಗಾಬರಿ ಬೇಡ ಎಂದು ವೈದ್ಯರು ತಿಳಿಸಿದ್ದಾರೆ. ಶುಗರ್ ಹತೋಟಿಯಲ್ಲಿದೆ. ಚಿತ್ತಾಪುರದ ಹಿರಿಯರೂ ಮನೆ ಸೇರಿದ್ದು, ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಅವರು ಮರಳಿ ಬಂದಾಗ ಊಟದ ಡಬ್ಬಿ ನಮ್ಮ ಮನೆಯಿಂದಲೇ ಹೋಗಲಿದೆ.