ಎಂಟಾಣೆಯ ಕೆಲಸ

ಲೇ ದೋಸ್ತ,

ಈ ಪತ್ರ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನಗೊಬ್ಬನಿಗೇ ಕಳಿಸಿದರೆ ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀಯ. ಹತ್ತು ಜನ ನೋಡುತ್ತಿದ್ದರೆ ನಾಲ್ಕು ಸಾಲಾದರೂ ಬರೆಯಬೇಕಲ್ವಾ? ಹನ್ನೊಂದನೇ ಮಿರ್ಚಿ ವಿಷಯ ಮಾತ್ರ ಇಲ್ಲಿ ಎತ್ತಬೇಡ. ನಮ್ಮ ಅತ್ತೆ ಮನೆಯವರೂ ಓದುತ್ತಾರೆ.

ಹೋದ ತಿಂಗಳು ಅಂಜನಾದ್ರಿ ಹತ್ತಿದೆ. 575 ಮೆಟ್ಟಿಲು. ಫೋಟೋ ನೋಡಿ ನೀನು ನಕ್ಕಿದ್ದು ಗೊತ್ತು. ಹತ್ತಿದ್ದು ಏನೂ ಅನ್ನಿಸಲಿಲ್ಲ, ಇಳಿದದ್ದು ಮೀನಖಂಡ ಹಿಡಿಯಿತು. ಮೂರು ದಿನ ಅಂಗಡಿ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿದೆ. ಅದು ಸರಿಹೋಗುವಷ್ಟರಲ್ಲಿ ಬೆನ್ನು ಶುರುವಾಯಿತು. ದಿನವಿಡೀ ಗಲ್ಲಾ ಮುಂದೆ ಕೂರುವವನ ಬೆನ್ನು, ಇನ್ನೇನಾಗುತ್ತದೆ?

ಅದಕ್ಕೇ ಫೋಮ್ ರೋಲರ್ ತರಿಸಿದೆ, ಮೈ ಕೆಳಗಿಟ್ಟು ಮೇಲೆ ಉರುಳಿ ಬಿಗಿ ಸಡಿಲಿಸಿಕೊಳ್ಳುವ ಫೋಮಿನ ಉರುಳೆ. ಒಂದಡಿ ಉದ್ದ, ತೊಡೆಯಷ್ಟು ದಪ್ಪ. ಮನೆಯವಳು ನೋಡಿ, "ನಾವು ರೊಟ್ಟಿ ಬಡಿಯೋ ಮಂದಿ, ಇಷ್ಟು ದಪ್ಪ ಲಟ್ಟಣಿಗೆ ಯಾಕ ತರ್ಸೀರಿ?" ಅಂದಳು.

ಮೊದಲ ದಿನ ಸೊಂಟದ ಕೆಳಗೇ ಇಟ್ಟು ಉರುಳಿದೆ. ಎದ್ದು ನಿಲ್ಲಲು ಬಾಗಿಲು ಹಿಡಿಯಬೇಕಾಯಿತು. ಫಿಸಿಯೋ ಚೆನ್ನಾಗಿ ಬೈದರು. ಸೊಂಟದ ಮೇಲೆ ನೇರವಾಗಿ ಬೇಡ, ಮೂಳೆ ಮೇಲೆ, ಮಂಡಿ ಮೇಲೆ ಬೇಡ. ತೊಡೆ, ಮೀನಖಂಡ, ಕುಂಡಿ, ಬೆನ್ನಿನ ಮೇಲ್ಭಾಗ, ಇಷ್ಟೇ. ಸೆಕೆಂಡಿಗೆ ಒಂದು ಇಂಚಿನಷ್ಟು ನಿಧಾನ. ನೋಯುವ ಜಾಗ ಸಿಕ್ಕರೆ ಅಲ್ಲೇ 20-30 ಸೆಕೆಂಡು ನಿಂತು ಉಸಿರು ಬಿಡಬೇಕು. ಒಂದು ಕಡೆಗೆ ಒಂದೆರಡು ನಿಮಿಷ ಸಾಕು. ಜೋಮು ಹಿಡಿದರೆ ನಿಲ್ಲಿಸಬೇಕು. ಒಳಗೆ ಗಂಟು ಗಿಂಟು ಏನೂ ಒಡೆಯುವುದಿಲ್ಲ. ನರಗಳಿಗೆ ಸಮಾಧಾನ ಹೇಳಿದ ಹಾಗೆ, ಸ್ವಲ್ಪ ಹೊತ್ತು ಬಿಗಿ ಸಡಿಲವಾಗುತ್ತದೆ, ಅಷ್ಟೇ. ನಿನ್ನ ಕಾಲಲ್ಲಿ ರಕ್ತನಾಳ ಉಬ್ಬಿವೆಯಲ್ಲ, ಡಾಕ್ಟರನ್ನು ಕೇಳದೆ ಉರುಳಬೇಡ. (ಉಳಿದವರಿಗೆ: ಮೊದಲ ಸಲ ಮೆತ್ತನೆಯದೇ ತಗೊಳ್ಳಿ. ಮುಳ್ಳುಮುಳ್ಳಿನದು ಶೂರರಿಗೆ.)

ಮೊನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಉರುಳುತ್ತಿದ್ದೆ. ಬೆನ್ನಲ್ಲಿ ಆ ಜಾಗ ಸಿಕ್ಕಿತು. "ಹಾಂ, ಅಲ್ಲೇ, ಅಲ್ಲೇ" ಅಂತ ಬಾಯಿಂದ ಬಂತು. ದನಿ ನನ್ನದಲ್ಲ ಕಣೋ. ಅಪ್ಪನದು.

ನಿನಗೆ ನೆನಪಿದೆ. ರೈಸ್ ಮಿಲ್ಲಿನಿಂದ ಬಂದು ಬೋರಲು ಮಲಗುತ್ತಿದ್ದ. 75 ಕೆಜಿ ಚೀಲ ಹೊತ್ತ ಬೆನ್ನು. ನಾನು ಗೋಡೆ ಹಿಡಿದು ಬೆನ್ನು ತುಳಿಯುತ್ತಿದ್ದೆ, ನೀನು ಕಾಲು. "ಅಲ್ಲೇ ನಿಲ್ಲಪಾ, ಅಲ್ಲೇ." ಇಬ್ಬರಿಗೂ ಎಂಟೆಂಟಾಣೆ. ಭತ್ತದ ಧೂಳಿನ ವಾಸನೆ ಬರುತ್ತಿತ್ತು.

ಹೈಸ್ಕೂಲಿಗೆ ಬಂದ ಮೇಲೆ ನಾನು ತುಳಿಯಲಿಲ್ಲ. ನಾಚಿಕೆ. ಅಪ್ಪ ತಾನು ಬದುಕಿದ್ದ ಕೊನೆಯ ವರ್ಷ ಒಂದಿನ, "ಸ್ವಲ್ಪ ಬೆನ್ನ ಒತ್ತತೀ ಏನು?" ಅಂತ ಕೇಳಿದ. ನಾನು ಪೇಟೆಗೆ ಹೋಗಿ ಒಳ್ಳೇ ಎಣ್ಣೆ ತಂದು ತಲೆದಿಂಬಿನ ಹತ್ತಿರ ಇಟ್ಟೆ. ದುಬಾರಿ ಎಣ್ಣೆ. ನಾಲ್ಕು ಜನರ ಮುಂದೆ ಅದರ ರೇಟೂ ಹೇಳಿದ್ದೆ. ಅಪ್ಪ ಮತ್ತೆ ಕೇಳಲಿಲ್ಲ. ಹೋದ ಮೇಲೆ ಹಾಸಿಗೆ ತೆಗೆಯುವಾಗ ಬಾಟಲಿ ಸಿಕ್ಕಿತು. ಸೀಲು ಒಡೆದಿರಲಿಲ್ಲ. ತನ್ನ ಬೆನ್ನಿಗೆ ತನ್ನ ಕೈ ಎಟುಕುವುದಿಲ್ಲ ಅನ್ನೋದು ನನಗೆ ಹೊಳೆದೇ ಇರಲಿಲ್ಲ.

ನೋಡು, ರೋಲರ್ ಬಗ್ಗೆ ಬರೆಯಲು ಕೂತವನು ಎಲ್ಲಿಗೆ ಉರುಳಿದೆ. ನಿಮ್ಮವ್ವನಿಗೆ ಇದನ್ನು ಓದಿ ಹೇಳಬೇಡ, ಫೋನ್ ಮಾಡಿ ಅಳುತ್ತಾಳೆ.

ನಿನ್ನೆ ಮಗನಿಗೆ ಬೆನ್ನು ತುಳಿಯಪ್ಪಾ ಅಂದೆ. ಅರ್ಧ ಗಂಟೆ ಮೊಬೈಲ್ ಕೊಟ್ಟರೆ ಮಾತ್ರ ಅಂತೆ. ಚೌಕಾಸಿ ಮಾಡಿ ಹತ್ತು ನಿಮಿಷಕ್ಕೆ ಒಪ್ಪಿಸಿದೆ. ಎರಡು ಹೆಜ್ಜೆ ಇಟ್ಟು, "ಅಪ್ಪಾ, ನೀನು ಭಾಳ ಮೆತ್ತಗದೀ" ಅಂತ ಜಾರಿ ಬಿದ್ದ. ಈಗ ರೋಲರ್ ಅವನ ಕ್ರಿಕೆಟ್ಟಿಗೆ ಸ್ಟಂಪು.

ಜಾತ್ರೆಗೆ ಬಾ. ಮಿರ್ಚಿ ನನ್ನ ಲೆಕ್ಕ. ಹತ್ತು ಮಾತ್ರ.

ನಿನ್ನ,
ಬಗ್ಗದ ಬೆನ್ನಿನವ