ವೇಗ ವೇಳಾಪಟ್ಟಿಯಲ್ಲೂ ಕಾಣಲಿ

ಮಾನ್ಯರೇ,

ಬೀದರ್–ಕಲಬುರಗಿ ಮಾರ್ಗದಲ್ಲಿ ರೈಲಿನ ವೇಗ ಹೆಚ್ಚಿಸುವುದಾದರೆ ಮೊದಲು ಎದುರಿನ ಗಾಡಿಗಾಗಿ ಕಾಯುವ ಕ್ರಾಸಿಂಗ್ ತಾಪತ್ರಯ ತಪ್ಪಿಸಬೇಕು. 110 ಕಿ.ಮೀ. ಉದ್ದದ ಈ ಮಾರ್ಗ 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಅದಕ್ಕಾಗಿ ಕಾದ ವರ್ಷಗಳ ಮಾತು ಬಿಡಿ. ಇರುವುದು ಒಂಟಿ ಹಳಿ. ಎದುರಿನಿಂದ ಗಾಡಿ ಬಂದರೆ ನಮ್ಮದು ಪಕ್ಕದ ಹಳಿಗೆ ಸರಿದು ನಿಲ್ಲಬೇಕು. ಕಮಲಾಪುರದ ಕೆಂಪು ಬಾಳೆಹಣ್ಣು ಸುಲಿದು ತಿಂದು ಮುಗಿಸಿದರೂ ಸಿಗ್ನಲ್ ಬೀಳುವುದಿಲ್ಲ! ನಡುವೆ ಎಷ್ಟು ಜೋರಾಗಿ ಓಡಿದರೇನು, ಉಳಿಸಿದ ನಿಮಿಷಗಳೆಲ್ಲ ಇಲ್ಲೇ ಹೋಗುತ್ತವೆ ಅಲ್ವಾ? ಹುಮನಾಬಾದ್ ಕಡೆಯಿಂದ ಆಸ್ಪತ್ರೆ, ಕಾಲೇಜಿಗೆ ಬರುವವರಿಗೆ ಕಲಬುರಗಿ ತಲುಪುವ ಹೊತ್ತೇ ಮುಖ್ಯ. ಬೆಳಗಿನ ಪ್ಯಾಸೆಂಜರ್ ಗಾಡಿಗೆ ಮೊದಲು ದಾರಿ ಬಿಡಲಿ. ವೇಗ ಹೆಚ್ಚಿಸುವ ಕೆಲಸ ಯಾವ ಭಾಗದಲ್ಲಿ ಎಷ್ಟು ಆಗಿದೆ, ಪ್ರಯಾಣದ ಸಮಯ ಎಷ್ಟು ಇಳಿದಿದೆ ಎಂದು ಪ್ರತಿ ತಿಂಗಳು ನಿಲ್ದಾಣಗಳಲ್ಲಿ ಬರೆದು ಹಾಕಲಿ.

– ಒಬ್ಬ ಪ್ರಯಾಣಿಕ, ಹುಮನಾಬಾದ್