ಕಣ್ಣಿನ ಒತ್ತಡ ಹಿಡಿತಕ್ಕೆ ಬಂದಿದೆ: ಕೆಲವರಿಗೆ ವಂದನೆ

ಎರಡೂ ಕಣ್ಣುಗಳ ಒತ್ತಡ ಸ್ಥಿರವಾಗಿದೆ, ದೃಷ್ಟಿಕ್ಷೇತ್ರದ (ಕಣ್ಣಿಗೆ ಕಾಣುವ ಒಟ್ಟು ವ್ಯಾಪ್ತಿಯ) ಪರೀಕ್ಷೆಯಲ್ಲಿ ಹೊಸ ನಷ್ಟವೇನೂ ಕಂಡಿಲ್ಲ ಎಂದು ವೈದ್ಯರು ಈ ವಾರ ತಿಳಿಸಿದರು. ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರವನ್ನು ಹಾಳುಮಾಡುವ ಗ್ಲಾಕೋಮಾ ರೋಗದೊಂದಿಗಿನ ನನ್ನ ಈ ಅವಧಿ ಹೇಗಿತ್ತೆಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದರಿಂದ ಅದನ್ನೆಲ್ಲ ಮತ್ತೆ ವಿವರಿಸುವುದಿಲ್ಲ. ಚಿಕಿತ್ಸೆ ನೀಡಿದ ವೈದ್ಯರಿಗೆ, ತಾಳ್ಮೆಯಿಂದ ಪರೀಕ್ಷೆ ನಡೆಸಿದ ತಂತ್ರಜ್ಞರಿಗೆ, ನನ್ನ ಪಾಲಿನ ಕೆಲಸವನ್ನೂ ಹೊತ್ತ ಸಹೋದ್ಯೋಗಿಗಳಿಗೆ ಹೃತ್ಪೂರ್ವಕ ವಂದನೆಗಳು.

ತಂಗಿಯ ವಿಷಯವನ್ನು ಮಾತ್ರ ಒಂದು ಸಾಲಿನಲ್ಲಿ ಮುಗಿಸಲಾರೆ. ರೋಗ ಉಲ್ಬಣಿಸಿದ ಆ ರಾತ್ರಿ ನನ್ನ ತಲೆ ಸಿಡಿಯುವಂತೆ ನೋಯುತ್ತಿತ್ತು, ವಾಂತಿ ನಿಲ್ಲುತ್ತಿರಲಿಲ್ಲ. ಮೊದಲು ನೋಡಿದವರು ಮೈಗ್ರೇನ್ ಎಂದು ಭಾವಿಸಿ ಮಾತ್ರೆ ಕೊಟ್ಟು ಕಳಿಸುವವರಿದ್ದರು. ಬಲಗಣ್ಣು ಕೆಂಪಾಗಿದ್ದುದನ್ನೂ, ಬೆಳಕು ಬಿದ್ದರೂ ಪಾಪೆ ಕಿರಿದಾಗದಿದ್ದುದನ್ನೂ, ದೀಪಗಳ ಸುತ್ತ ಬಣ್ಣದ ಬಳೆ ಕಾಣುತ್ತಿದೆಯೆಂದು ನಾನು ನರಳಿದ್ದನ್ನೂ ಒಟ್ಟುಗೂಡಿಸಿ ಯೋಚಿಸಿದವಳು ಅವಳೊಬ್ಬಳೇ. ಕಣ್ಣಿನ ಒತ್ತಡ ಅಳೆಯುವವರೆಗೆ ಇಲ್ಲಿಂದ ಏಳುವುದಿಲ್ಲವೆಂದು ಪಟ್ಟು ಹಿಡಿದಳು. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡ ಆಗ 50 ದಾಟಿತ್ತು. ಕಣ್ಣೊಳಗಿನ ದ್ರವ ಹರಿದುಹೋಗಬೇಕಾದ ಕೋನವೇ ಮುಚ್ಚಿಕೊಂಡಿತ್ತು.

ಕಣ್ಣಿನ ಒತ್ತಡ ತಗ್ಗಿಸಲು ರಕ್ತನಾಳಕ್ಕೆ ಹನಿಹನಿಯಾಗಿ ಕೊಡುವ ಮ್ಯಾನಿಟಾಲ್ ಔಷಧಿ ಇಳಿಯುತ್ತಿದ್ದಷ್ಟು ಹೊತ್ತೂ ಅವಳು ನನ್ನ ಕೈ ಬಿಡಲಿಲ್ಲ. ಕುರುಡಾಗುತ್ತೇನೆಯೇ ಎಂದು ಕೇಳಿದೆ. ಗೊತ್ತಿಲ್ಲ, ಆದರೆ ನಾನಿಲ್ಲೇ ಇರುತ್ತೇನೆ ಎಂದಳು. ಹುಸಿ ಸಮಾಧಾನ ಹೇಳದ ಆ ಮಾತೇ ನನ್ನನ್ನು ಬೆಳಗಿನವರೆಗೆ ಹಿಡಿದು ನಿಲ್ಲಿಸಿತು.

ದೃಷ್ಟಿನರದ ಸತ್ತ ತಂತುಗಳು ಮರಳಿ ಹುಟ್ಟುವುದಿಲ್ಲ. ಬಲಗಣ್ಣಿನ ದೃಷ್ಟಿಯಲ್ಲಿ ಮೂಗಿನ ಕಡೆಯ ಒಂದು ಭಾಗ ಹೋದದ್ದು ಹೋಯಿತು. ಎಡಗಣ್ಣು ಮುಚ್ಚಿ ನೋಡಿದಾಗ ಈಗಲೂ ಎದೆ ಒಡೆದುಹೋಗುತ್ತದೆ, ಅತ್ತದ್ದೂ ಉಂಟು. ಉಳಿದದ್ದನ್ನು ಕಾಯುವ ಕೆಲಸ ಮಾತ್ರ ಪ್ರತಿದಿನದ್ದು. ಮುಚ್ಚಿದ ಕೋನಕ್ಕಾಗಿ ಮಾಡಿದ ಲೇಸರ್ ಚಿಕಿತ್ಸೆಯ ನಂತರವೂ ಒತ್ತಡ ತಗ್ಗಿಸಲು ಹನಿಗಳು ಬೇಕಾದವು. ಒಂದು ಔಷಧಿಗೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡುವುದನ್ನೂ, ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ ಮೂಗಿನ ಬದಿಯ ಮೂಲೆಯನ್ನು ಮೃದುವಾಗಿ ಒತ್ತಿ ಹಿಡಿಯುವುದನ್ನೂ ಅವಳೇ ನನಗೆ ರೂಢಿ ಮಾಡಿಸಿದಳು. ನೋವಿಲ್ಲದ ದಿನಗಳಲ್ಲಿ ಔಷಧಿ ತಪ್ಪಿಸುವುದು ಬಹಳ ಸುಲಭ. ಆ ಸುಲಭಕ್ಕೆ ಅವಳು ಎಡೆಗೊಡಲಿಲ್ಲ.

ಒಡಹುಟ್ಟಿದವರಿಗೂ ಈ ರೋಗದ ಸಂಭವ ಹೆಚ್ಚೆಂದು ವೈದ್ಯರು ಹೇಳಿದ್ದರಿಂದ ನನ್ನ ಒತ್ತಾಯಕ್ಕೆ ಅವಳು ಕಣ್ಣಿನ ಆ ಕೋನವನ್ನು ನೋಡುವ ಗೋನಿಯೋಸ್ಕೋಪಿ ಪರೀಕ್ಷೆ ಮಾಡಿಸಿಕೊಂಡಳು. ಅವಳ ಕೋನಗಳೂ ಕಿರಿದಾಗಿದ್ದವು. ನರಕ್ಕೆ ಹಾನಿಯಾಗುವ ಮೊದಲೇ ಲೇಸರ್ ಚಿಕಿತ್ಸೆಯಾಯಿತು. ಅಣ್ಣ, ನೀನಿನ್ನೂ ಹೋಗಿಲ್ಲ. ದಯವಿಟ್ಟು ಈ ತಿಂಗಳೇ ಪರೀಕ್ಷೆ ಮಾಡಿಸಿಕೊ.